ಶಿವನೇರಿಯ ಶಿಂದಳ ಮಾಕುಡಿ

(ಸಂಘದ ಕಾಮೋಠೆ ಶಾಖೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ತಿಂಗಳೂ ಇದೇ ಜಾಗದಲ್ಲಿ ನಿಂತು ನಾನು ಸಂಬಳದ ಮಾತು, ರಜೆಯ ಮಾತು, ಪ್ರಾವಿಡೆಂಟ್ ಫಂಡಿನ ಮಾತು ಆಡುವವನು. ಇವತ್ತು ಒಂದು ಗಿಡದ ಮಾತು ಆಡಲು ನಿಂತಿದ್ದೇನೆ. "ಇವನಿಗೇನು ತಲೆ ಕೆಟ್ಟಿತೇ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ನನಗೆ ಕೇಳಿಸಿತು. ತಲೆ ಕೆಟ್ಟಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಬಂದು ಕಪ್ಪು-ಬಶಿ ತೊಳೆದವನು ನಾನು, ಸಸ್ಯಶಾಸ್ತ್ರ ಓದಿದವನಲ್ಲ. ಆದರೂ ಈ ವಿಷಯವನ್ನು ನಾನೇ ಹೇಳಬೇಕಾಗಿದೆ. ಯಾಕೆಂದರೆ ಇದರಲ್ಲಿ ತಪ್ಪು ಮಾಡಿದ ಮೊದಲನೆಯವನು ನಾನೇ.

ಸಂಗತಿ ಇಷ್ಟು. ಚೌತಿ ಕಳೆದ ಮೇಲೆ ನಮ್ಮ ಸಂಘದ 40 ಜನ ಬಸ್ಸು ಮಾಡಿಕೊಂಡು ಜುನ್ನರದ ಶಿವನೇರಿ ಕೋಟೆಗೆ ಹೋಗುವುದೆಂದು ನಿಶ್ಚಯವಾಗಿದೆ. ಕಳೆದ ಸಭೆಯಲ್ಲಿ ನಾನು ಬಾಯಿ ತಪ್ಪಿ, ಆ ಕೋಟೆಯ ಬಂಡೆಯಲ್ಲಿ ಒಂದು ಅಪರೂಪದ ಗಿಡವಿದೆ, ಅದು ಅಳಿದುಹೋಗುವ ಭಯವಿದೆ ಎಂದುಬಿಟ್ಟೆ. ಕೂಡಲೆ ನಮ್ಮ ಹುಡುಗರು ಎದ್ದು ಒಂದು ಸೂಚನೆ ಮಾಡಿದರು: "ಹಾಗಾದರೆ ಹೋದವರೆಲ್ಲ ತಲಾ ಒಂದು ಗಿಡ ತರೋಣ, ಕಾಮೋಠೆಯಲ್ಲಿ ಕುಂಡದಲ್ಲಿಟ್ಟು ಸಾಕಿ ಉಳಿಸೋಣ." ಚಪ್ಪಾಳೆಯೂ ಬಿತ್ತು. ಹುಡುಗರ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಸೂಚನೆಯನ್ನು ನಾನು ವಿರೋಧಿಸುತ್ತೇನೆ. ಸುಮ್ಮನೆ ವಿರೋಧಿಸಿದರೆ ಸಾಲದು, ಕಾರಣ ಹೇಳಬೇಕು. ಅದಕ್ಕಾಗಿಯೇ ಅಧ್ಯಕ್ಷರು ನನಗೆ ಇವತ್ತು ಸಮಯ ಕೊಟ್ಟಿದ್ದಾರೆ.

ಮೊದಲು ನನ್ನ ಕಥೆ. ಎರಡು ವರುಷದ ಹಿಂದೆ ನಾನು ಮತ್ತು ಮೂವರು ಗೆಳೆಯರು ಶಿವನೇರಿಗೆ ಹೋಗಿದ್ದೆವು. ಮಳೆಗಾಲದ ಕೊನೆ. ಹಾದಿಯ ಪಕ್ಕದ ಕರಿಬಂಡೆಯ ಬಿರುಕಿನಿಂದ ಬೆರಳು ದಪ್ಪದ ಹಸುರು ಕಡ್ಡಿಗಳು ಇಳಿಬಿದ್ದಿದ್ದವು. ಕಡ್ಡಿಯ ತುದಿಯಲ್ಲಿ ನಾಲ್ಕೈದು ದಪ್ಪ ಎಲೆ. ಎಲೆಯ ಸಂದಿನಲ್ಲಿ ಒಂದು ಹೂವು. ಐದು ಮೂಲೆಯ ನಕ್ಷತ್ರದ ಹಾಗೆ, ಕಪ್ಪು ಮಿಶ್ರಿತ ಕೆಂಪು ಬಣ್ಣ, ಅದರ ಮೇಲೆ ಹಳದಿ ಚುಕ್ಕೆ ಗೀರುಗಳು. ಅರಳಿದರೆ ಅಂಗಿಯ ದೊಡ್ಡ ಗುಂಡಿಯಷ್ಟು ಅಗಲ. ಅಂಥ ಹೂವನ್ನು ನಾನು ಊರಿನಲ್ಲಿಯೂ ಕಂಡಿರಲಿಲ್ಲ, ಇಲ್ಲಿಯೂ ಕಂಡಿರಲಿಲ್ಲ. ಆಸೆಯಾಯಿತು. ಒಂದು ಬುಡವನ್ನು ಹಿಡಿದು ಜಗ್ಗಿದೆ. ಬೇರು ಸಹಿತ ಬಂತು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ.

ಮನೆಯ ಗ್ಯಾಲರಿಯಲ್ಲಿ ಎಣ್ಣೆಯ ಡಬ್ಬಿಗೆ ಮಣ್ಣು ತುಂಬಿ ಅದನ್ನು ನೆಟ್ಟೆ. ತುಳಸಿಗೆ ಹಾಕುವ ಹಾಗೆ ದಿನವೂ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕಿದೆ. ಐದಾರು ದಿನ ಚೆನ್ನಾಗಿತ್ತು. ಆಮೇಲೆ ಬುಡ ಕಪ್ಪಾಯಿತು. ಹನ್ನೆರಡನೆಯ ದಿನ ಮುಟ್ಟಿದರೆ ಬೆಂದ ಬದನೆಕಾಯಿಯ ಹಾಗೆ ಕೈಗೆ ಬಂತು.

ನಾನು ಮೊದಲು ಕೆಲಸ ಮಾಡುತ್ತಿದ್ದ ಹೋಟೆಲಿಗೆ ದಿನಾ ಚಹಕ್ಕೆ ಬರುವ ಒಬ್ಬರು ಮರಾಠಿ ಗಿರಾಕಿ ಇದ್ದಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಫೋನಿನಲ್ಲಿ ತೆಗೆದ ಆ ಹೂವಿನ ಚಿತ್ರವನ್ನು ಅವರಿಗೆ ತೋರಿಸಿದೆ. ಅವರು ಚಹದ ಕಪ್ಪನ್ನು ಕೆಳಗಿಟ್ಟರು. "ಅಣ್ಣಾ, ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದರು. ಹೇಳಿದೆ. "ಈಗ ಎಲ್ಲಿದೆ?" ಎಂದರು. ಅದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎದುರಿನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಒಂದು ಗಂಟೆ ಆ ಗಿಡದ ಚರಿತ್ರೆ ಹೇಳಿದರು. ಆಮೇಲೆಯೂ ಎಷ್ಟೋ ಸಲ ಹೇಳಿದರು. ನಾನು ಇವತ್ತು ತಮ್ಮ ಮುಂದೆ ಇಡುವುದರಲ್ಲಿ ಬಹುಪಾಲು ಅವರಿಂದ ಕಲಿತದ್ದು.

ಈ ಗಿಡವನ್ನು ಮರಾಠಿಯಲ್ಲಿ ಶಿಂದಳ ಮಾಕುಡಿ ಎನ್ನುತ್ತಾರೆ. ನಮ್ಮ ಊರಿನ ಎಕ್ಕದ ಗಿಡ ಎಲ್ಲರಿಗೂ ಗೊತ್ತಿದೆಯಲ್ಲವೇ? ಅದೇ ಬಳಗಕ್ಕೆ ಸೇರಿದ್ದು ಇದು. ಎಕ್ಕದ ಕಾಯಿ ಒಡೆದರೆ ಬೀಜಕ್ಕೆ ರೇಷ್ಮೆಯಂಥ ಜುಟ್ಟು ಇದ್ದು ಗಾಳಿಯಲ್ಲಿ ಹಾರುತ್ತದೆ. ಇದರ ಬೀಜವೂ ಹಾಗೆಯೇ ಹಾರುತ್ತದೆ. ಇದರ ಕಾಯಿ ಎರಡು ಕೊಂಬುಗಳ ಹಾಗೆ ಜೋಡಿಯಾಗಿರುತ್ತದೆ. ಆದರೆ ಎಕ್ಕ ಬಯಲಿನಲ್ಲಿ, ರಸ್ತೆಯ ಬದಿಯಲ್ಲಿ, ಸ್ಮಶಾನದಲ್ಲಿ ಎಲ್ಲೆಂದರಲ್ಲಿ ಬೆಳೆಯುತ್ತದೆ. ಶಿಂದಳ ಮಾಕುಡಿ ಇರುವುದು ಜಗತ್ತಿನಲ್ಲೆಲ್ಲ ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಕಡಿದಾದ ಬಂಡೆಗಳಲ್ಲಿ. ಪುಣೆ ಜಿಲ್ಲೆಯಲ್ಲಿ ಶಿವನೇರಿ, ಪುರಂದರದ ಜೋಡಿ ಕೋಟೆಯಾದ ವಜ್ರಗಡ. ಸಾತಾರಾ ಜಿಲ್ಲೆಯಲ್ಲಿ ಸಜ್ಜನಗಡ, ಮಹಾಬಳೇಶ್ವರದ ಕಡೆ. ಈಗ ಅಹಿಲ್ಯಾನಗರ ಎನ್ನುವ ಅಹಮದನಗರ ಜಿಲ್ಲೆಯಲ್ಲಿ ರಂಧಾ ಜಲಪಾತದ ಕಡೆ. ಹೀಗೆ ಬೆರಳಲ್ಲಿ ಎಣಿಸುವಷ್ಟು ಜಾಗಗಳು. ಗೋವೆಯಲ್ಲಿ ಇಲ್ಲ, ನಮ್ಮ ಕರ್ನಾಟಕದಲ್ಲಿ ಇಲ್ಲ, ಬೇರೆ ದೇಶದಲ್ಲಂತೂ ಕಾಡಿನಲ್ಲಿ ಎಲ್ಲಿಯೂ ಇಲ್ಲ.

ಇದರ ನೂರಾರು ನಂಟರು ಆಫ್ರಿಕಾದ ಒಣನೆಲದಲ್ಲಿದ್ದಾರೆ. ಅವುಗಳಿಗೆಲ್ಲ ಕಳ್ಳಿಯ ಹಾಗೆ ಬರೀ ದಪ್ಪ ಕಾಂಡ, ಹೆಸರಿಗೆ ತಕ್ಕ ಎಲೆಯೇ ಇಲ್ಲ. ಈ ನಮ್ಮ ಶಿಂದಳ ಮಾಕುಡಿಗೆ ಮಾತ್ರ ಮಳೆಗಾಲದಲ್ಲಿ ನಿಜವಾದ ಎಲೆ ಬರುತ್ತದೆ. ಮಳೆ ನಿಂತು ನೆಲ ಒಣಗಿದಾಗ ಎಲೆ ಉದುರಿ ಕಡ್ಡಿ ಮಾತ್ರ ಉಳಿಯುತ್ತದೆ. ಬೇಸಗೆಯಲ್ಲಿ ನೋಡಿದವರು ಸತ್ತ ಕಡ್ಡಿ ಎಂದುಕೊಳ್ಳಬೇಕು, ಹಾಗೆ ಇರುತ್ತದೆ. ಸತ್ತಿರುವುದಿಲ್ಲ. ಆ ಕಡ್ಡಿಯೊಳಗೆ ನೀರು ಕೂಡಿಟ್ಟುಕೊಂಡು ಏಳೆಂಟು ತಿಂಗಳು ಕಾಯುತ್ತದೆ.

ಇಲ್ಲೊಂದು ಸೋಜಿಗವಿದೆ. ಪಾಳಿಯಲ್ಲಿ ದುಡಿಯುವ ನಮಗೆ ಅದು ಬೇಗ ಅರ್ಥವಾಗುತ್ತದೆ. ಗಿಡಗಳು ಸಾಮಾನ್ಯವಾಗಿ ಹಗಲಿನಲ್ಲಿ ಎಲೆಯ ಸಣ್ಣ ಬಾಗಿಲುಗಳನ್ನು ತೆರೆದು ಗಾಳಿ ತೆಗೆದುಕೊಂಡು, ಬಿಸಿಲಿನ ಬಲದಿಂದ ಅನ್ನ ಮಾಡಿಕೊಳ್ಳುತ್ತವೆ. ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಮಳೆಗಾಲದಲ್ಲಿ ಹೋದರೆ ಚಿಂತೆಯಿಲ್ಲ. ಏಪ್ರಿಲ್ ತಿಂಗಳಲ್ಲಿ ಕಾದ ಬಂಡೆಯ ಮೇಲೆ ಕೂತವನಿಗೆ ಹಾಗೆ ಮಾಡಿದರೆ ಒಂದು ದಿನದಲ್ಲಿ ಪ್ರಾಣ ಹೋದೀತು. ಆದ್ದರಿಂದ ಬಂಡೆಯ ಮೇಲಿನ ಎಷ್ಟೋ ದಪ್ಪ ಗಿಡಗಳು ಹಗಲು ಬಾಗಿಲು ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿ ತೆಗೆದುಕೊಂಡ ಗಾಳಿಯನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಮಾರನೆಯ ದಿನ ಬಿಸಿಲು ಬಂದಾಗ ಬಾಗಿಲು ಮುಚ್ಚಿಕೊಂಡೇ ಅಡಿಗೆ ಮಾಡುತ್ತವೆ.

ನಮ್ಮೂರಿನ ಕಾಡುಬಸಳೆಯೂ ಇದೇ ಜಾತಿಯ ಕೆಲಸಗಾರ. ಅದರ ಎಲೆ ಬೆಳಗಿನ ಜಾವ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂಬುದನ್ನು ಗುರುತಿಸಿ ಲಂಡನ್ನಿನ ವಿದ್ವಾಂಸರಿಗೆ ಬರೆದವರು ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಡಾಕ್ಟರ್ ಬೆಂಜಮಿನ್ ಹೈನ್. ಅವರ ಪತ್ರ 1815ರಲ್ಲಿ ಅಚ್ಚಾಯಿತು.

ಶಿಂದಳ ಮಾಕುಡಿಯಲ್ಲಿ ಎರಡು ಪಾಳಿಯೂ ಇದೆ. 1977ರಲ್ಲಿ ಲಾಂಗೆ, ಝೂಬರ್ ಎಂಬ ಇಬ್ಬರು ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಇದರ ಎಲೆಗಳು ಸಾಮಾನ್ಯ ಗಿಡದ ಹಾಗೆ ಹಗಲುಪಾಳಿ. ಕಾಂಡ ಮಾತ್ರ ಕಳ್ಳಿಯ ಹಾಗೆ ರಾತ್ರಿಪಾಳಿ. ಮಳೆಗಾಲದಲ್ಲಿ ಎಲೆ ದುಡಿದು ಗಳಿಸುತ್ತದೆ, ಬೇಸಗೆಯಲ್ಲಿ ಎಲೆಗೆ ರಜೆ ಕೊಟ್ಟು ಕಾಂಡವೊಂದೇ ಮನೆ ನಡೆಸುತ್ತದೆ. ಒಂದೇ ಗಿಡದ ಒಂದೇ ಮೈಯಲ್ಲಿ ಎರಡು ಬಗೆಯ ಕೆಲಸ! ನಾನು ದಿನಾ ಒಂದು ತಂಬಿಗೆ ನೀರು ಹಾಕಿ ಕೊಂದದ್ದು ಇಂಥ ಗಿಡವನ್ನು. ಉಪವಾಸವಿದ್ದು ಬದುಕಲು ಕಲಿತವನಿಗೆ ನಾನು ಒತ್ತಾಯದ ಊಟ ಹಾಕಿ ಕೊಂದೆ.

ಇನ್ನು ಹೆಸರಿನ ಮಾತು. ಎನ್. ಎ. ಡಾಲ್ಝೆಲ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ ಮುಂಬಯಿ ಇಲಾಖೆಯ ಅರಣ್ಯ ಖಾತೆಯಲ್ಲಿದ್ದರು. ಗಿಬ್ಸನ್ ಎಂಬವರ ಜತೆ ಸೇರಿ 1861ರಲ್ಲಿ ಮುಂಬಯಿ ಪ್ರಾಂತದ ಗಿಡಮರಗಳ ಒಂದು ದೊಡ್ಡ ಗ್ರಂಥ ಬರೆದವರು. ಅವರು ಈ ಗಿಡವನ್ನು ಜಗತ್ತಿಗೆ ಪರಿಚಯಿಸಿದ ಲೇಖನ 1865ರಲ್ಲಿ ಪ್ರಕಟವಾಯಿತು. ಆಗ ಮುಂಬಯಿಯ ಗವರ್ನರ್ ಆಗಿದ್ದವರು ಸರ್ ಬಾರ್ಟಲ್ ಫ್ರೀಯರ್. ಅವರ ಗೌರವಾರ್ಥವಾಗಿ ಗಿಡಕ್ಕೆ ಫ್ರೀರಿಯಾ ಇಂಡಿಕಾ ಎಂದು ಹೆಸರಿಟ್ಟರು.

ಈ ಫ್ರೀಯರ್ ಸಾಹೇಬರು ನಮಗೆ ತೀರ ಅಪರಿಚಿತರಲ್ಲ. ಫೋರ್ಟಿನ ಹಳೆಯ ಕೋಟೆಗೋಡೆ ಕೆಡವಿಸಿ ಮುಂಬಯಿಯನ್ನು ಹಿಗ್ಗಿಸಿದವರು ಅವರು. ನಮ್ಮ ಎಷ್ಟೋ ಹಿರಿಯರು ಹೋಟೆಲಿನ ಕೆಲಸ ಮುಗಿಸಿ ಗಾಳಿಗೆ ಕೂತ ಫ್ಲೋರಾ ಫೌಂಟನ್ ಇದೆಯಲ್ಲ, 1864ರಲ್ಲಿ ಕಟ್ಟಿದ ಆ ಕಾರಂಜಿಗೆ ಮೊದಲು ಇವರ ಹೆಸರನ್ನೇ ಇಡಬೇಕೆಂದಿದ್ದರಂತೆ. ಕೊನೆಗೆ ಹೂಗಳ ದೇವತೆಯ ಹೆಸರಿಟ್ಟರು. ಬಂದರಿನ ಉದ್ದಕ್ಕೂ ಹೋಗುವ ದೊಡ್ಡ ರಸ್ತೆಗೆ ಮಾತ್ರ ಫ್ರೀಯರ್ ರೋಡ್ ಎಂಬ ಹೆಸರು ಬಹುಕಾಲ ಇತ್ತು. ಈಗ ಅದು ಪಿ. ಡಿಮೆಲ್ಲೊ ರೋಡ್. ಡಿಮೆಲ್ಲೊ ಯಾರು? ನಮ್ಮ ಮಂಗಳೂರು ಸೀಮೆಯಿಂದ ಬಂದು ಮುಂಬಯಿ ಬಂದರಿನ ಕೂಲಿಕಾರರನ್ನು ಒಟ್ಟುಗೂಡಿಸಿದ ನಾಯಕರು, 1958ರಲ್ಲಿ ತೀರಿಕೊಂಡವರು. ಗವರ್ನರರ ಹೆಸರು ಹೋಗಿ ಕಾರ್ಮಿಕ ನಾಯಕನ ಹೆಸರು ಬಂತು. ನಮಗೆ ಅದು ಹೆಮ್ಮೆಯ ಸಂಗತಿ.

ಶಾಸ್ತ್ರಜ್ಞರೂ ಈ ಗಿಡದ ಹೆಸರನ್ನು ಎರಡು ಮೂರು ಸಲ ಬದಲಾಯಿಸಿದ್ದಾರೆ. ಬೌಸರೋಸಿಯಾ ಫ್ರೀರಿ ಎಂದರು, ಈಗ ಸಿರೋಪೀಜಿಯಾ ಫ್ರೀರಿ ಎಂದೂ ಬರೆಯುತ್ತಾರೆ. ಬೋರ್ಡು ಎಷ್ಟು ಸಲ ಬದಲಾದರೂ ಗಿಡ ಅದೇ ಬಂಡೆಯಲ್ಲಿದೆ. ರಸ್ತೆಯ ಹೆಸರು ಹೋದರೆ ರಸ್ತೆ ಉಳಿಯುತ್ತದೆ. ಗಿಡವೇ ಹೋದರೆ ಹೆಸರು ಬರೀ ಪುಸ್ತಕದಲ್ಲಿ ಉಳಿಯುತ್ತದೆ. ನಾವು ಹೆದರಬೇಕಾದದ್ದು ಅದಕ್ಕೆ.

1980ರ ದಶಕದಲ್ಲಿ ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ನಿಸರ್ಗರಕ್ಷಣಾ ಸಂಸ್ಥೆ ಜಗತ್ತಿನಲ್ಲಿ ಅತ್ಯಂತ ಅಪಾಯದಲ್ಲಿರುವ 12 ಸಸ್ಯಗಳ ಪಟ್ಟಿ ಮಾಡಿದಾಗ ಅದರಲ್ಲಿ ಇದರ ಹೆಸರೂ ಇತ್ತು. 1998ರಲ್ಲಿ ನಮ್ಮ ಕೇಂದ್ರ ಸರಕಾರ, ಕಾಡಿನಿಂದ ಕಿತ್ತು ಹೊರದೇಶಕ್ಕೆ ಸಾಗಿಸಬಾರದ 29 ಬಗೆಯ ಸಸ್ಯಗಳ ಪಟ್ಟಿ ಹೊರಡಿಸಿತು; ಅದರಲ್ಲಿಯೂ ಇದು ಸೇರಿದೆ.

ಅಪಾಯ ಎಲ್ಲಿಂದ? ಬೇಸಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ. ಮಳೆಗಾಲದಲ್ಲಿ ಬಂಡೆ ಕುಸಿಯುತ್ತದೆ. ದನ ಆಡು ಮೇಯುತ್ತವೆ. ರಸ್ತೆ ಮೆಟ್ಟಿಲುಗಳಿಗಾಗಿ ಬಂಡೆ ಒಡೆಯುತ್ತಾರೆ. ಕೋಟೆ ನೋಡಲು ಬಂದವರು ನನ್ನ ಹಾಗೆ ಆಸೆಗೆ ಕೀಳುತ್ತಾರೆ. ಇದರಲ್ಲಿ ಆಡು ಕಾಯುವವನ ಮೇಲೆ ಎಲ್ಲ ತಪ್ಪು ಹೊರಿಸುವುದು ಕೆಲವರಿಗೆ ಸುಲಭ. ಅದು ನನಗೆ ಒಪ್ಪಿಗೆಯಿಲ್ಲ. ಅವನ ಅಜ್ಜನ ಕಾಲದಿಂದಲೂ ಆಡುಗಳು ಅಲ್ಲಿವೆ. ಅವುಗಳ ಬಾಯಿಗೆ ಎಟುಕದ ಕಡೆ ಗಿಡ ಉಳಿದುಕೊಂಡು ಬಂದಿದೆ. ಆಡಿಗೆ ಎಟುಕದ ಕಡೆಗೂ ಎಟುಕುವುದು ಮನುಷ್ಯನ ಕೈ.

ಒಂದೇ ಕಡೆ ಇರುವ ಜೀವಕ್ಕೆ ಆ ಜಾಗವೇ ಸರ್ವಸ್ವ ಎಂಬುದನ್ನು ಕಾಮೋಠೆಯವರಾದ ನಮಗೆ ದೂರದ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ನಮ್ಮ ಪಕ್ಕದಲ್ಲೇ ಸುಮಾರು 90 ಮೀಟರ್ ಎತ್ತರದ ಉಲ್ವೆ ಗುಡ್ಡವಿತ್ತು. ವಿಮಾನ ನಿಲ್ದಾಣಕ್ಕಾಗಿ ಅದನ್ನು ಸಿಡಿಮದ್ದು ಇಟ್ಟು ಕಡಿದು ನೆಲಸಮ ಮಾಡಿದರು. 2025ರ ಅಕ್ಟೋಬರ್ 8ರಂದು ನಿಲ್ದಾಣದ ಉದ್ಘಾಟನೆಯೂ ಆಯಿತು. ನಿಲ್ದಾಣ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಹುಡುಗರಿಗೂ ಅಲ್ಲಿ ಕೆಲಸ ಸಿಗಲಿ. ಆ ಗುಡ್ಡದಲ್ಲಿ ಶಿಂದಳ ಮಾಕುಡಿ ಇತ್ತೆಂದೂ ಹೇಳುತ್ತಿಲ್ಲ. ಮನುಷ್ಯ ಮನಸ್ಸು ಮಾಡಿದರೆ ಒಂದು ಗುಡ್ಡ ಕೆಲವೇ ವರುಷಗಳಲ್ಲಿ ಇಲ್ಲವಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡವರು, ಅಷ್ಟೆ. ಅಲ್ಲಿದ್ದ ಊರಿನ ಜನರಿಗೆ ಬೇರೆ ಕಡೆ ಮನೆಯ ಜಾಗ ಕೊಟ್ಟರು. ಬಂಡೆಯ ಬಿರುಕಿನಲ್ಲಿ ಬೇರು ಬಿಟ್ಟ ಗಿಡಕ್ಕೆ ಬದಲಿ ಜಾಗ ಯಾರು ಕೊಡಬೇಕು?

ಈಗ ಒಂದು ಗಟ್ಟಿ ಪ್ರಶ್ನೆಗೆ ಉತ್ತರ ಹೇಳಬೇಕು. ಕಳೆದ ಸಭೆ ಮುಗಿದ ಮೇಲೆ, ನಾವೆಲ್ಲ ಕಾಕಾ ಎಂದು ಕರೆಯುವ ನಮ್ಮ ಹಿರಿಯ ಗಿರಣಿ ಕಾರ್ಮಿಕರು ನನ್ನನ್ನು ಬಾಗಿಲ ಬಳಿ ತಡೆದರು. ಅವರು ಇವತ್ತೂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರು ಅಂದದ್ದು ಹೀಗೆ: "ತಮ್ಮಾ, 1982ರ ಜನವರಿ 18ಕ್ಕೆ ನಾವು ಸಾಂಚಾ ನಿಲ್ಲಿಸಿ ಹೊರಗೆ ಬಂದೆವು. ಸುಮಾರು ಎರಡೂವರೆ ಲಕ್ಷ ಜನ. ನಮ್ಮಲ್ಲಿ ಎಷ್ಟು ಮನೆಯ ಒಲೆ ಆರಿತೋ ಯಾರೂ ಪಟ್ಟಿ ಮಾಡಲಿಲ್ಲ. ಗಿರಣಿಯ ಜಾಗದಲ್ಲಿ ಗೋಪುರದಂಥ ಕಟ್ಟಡ ಎದ್ದವು. ಒಂದು ಗಿಡಕ್ಕೆ ಪಟ್ಟಿ ಮಾಡುತ್ತಾರೆ, ಕಾಯಿದೆ ಮಾಡುತ್ತಾರೆ. ನೀನೂ ಅದಕ್ಕಾಗಿ ಭಾಷಣ ಮಾಡುತ್ತೀ. ನಮಗಾಗಿ ಅತ್ತವರು ಯಾರು?"

ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಕಾ ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕೆ ಜಾಣತನದ ಉತ್ತರ ನನ್ನಲ್ಲಿಲ್ಲ. ನನಗೆ ತೋಚಿದ್ದನ್ನು ಹೇಳುತ್ತೇನೆ. ಕಾಕಾ, ನಿಮಗಾಗಿ ಯಾರೂ ಪಟ್ಟಿ ಮಾಡಲಿಲ್ಲ ಎಂಬುದು ದೊಡ್ಡ ಅನ್ಯಾಯ. ಗಿಡದ ಪಟ್ಟಿ ಹರಿದು ಹಾಕಿದರೆ ಆ ಅನ್ಯಾಯ ಸರಿಹೋಗುವುದಿಲ್ಲ. ನಿಮ್ಮನ್ನು ಲೆಕ್ಕಕ್ಕೆ ಹಿಡಿಯದವರು ಏನೆಂದರು? "ಇವರು ಹೋದರೆ ಯಾರಿಗೇನು ನಷ್ಟ, ಜಾಗದ ಬೆಲೆ ನೋಡು" ಎಂದರು. ನಾನು ಆ ಗಿಡವನ್ನು ಜಗ್ಗಿದಾಗ ನನ್ನ ಮನಸ್ಸಿನಲ್ಲಿದ್ದ ಮಾತೂ ಹೆಚ್ಚು ಬೇರೆಯದಲ್ಲ: "ಒಂದು ಹೋದರೆ ಯಾರಿಗೇನು ನಷ್ಟ?" ಇನ್ನೊಬ್ಬರು ನಮ್ಮ ವಿಷಯದಲ್ಲಿ ಆಡಿದಾಗ ನಮಗೆ ಉರಿದ ಮಾತನ್ನು, ಬಾಯಿಲ್ಲದ ಜೀವದ ವಿಷಯದಲ್ಲಿ ನಾವೇ ಆಡಬಾರದು. ಇಷ್ಟೇ ನನ್ನ ಉತ್ತರ. ಇದಕ್ಕಾಗಿ ನಾವು ಒಂದು ದಿನದ ಸಂಬಳವನ್ನೂ ಬಿಟ್ಟುಕೊಡಬೇಕಾಗಿಲ್ಲ, ಒಂದು ಹಕ್ಕನ್ನೂ ಬಿಡಬೇಕಾಗಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿ ಬಂದರೆ ಸಾಕು.

ಇನ್ನು ಹುಡುಗರ ಸೂಚನೆ. "ಕುಂಡದಲ್ಲಿಟ್ಟು ಉಳಿಸೋಣ" ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಈ ಗಿಡದ ಕಡ್ಡಿ ಮುರಿದು ನೆಟ್ಟರೆ, ತಿಳಿದವರ ಕೈಯಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ಕೇಂದ್ರದಲ್ಲಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ತೋಟದಲ್ಲಿ ಇದನ್ನು ಬೆಳೆಸಿದ್ದಾರೆ. ಯುರೋಪು ಅಮೆರಿಕಗಳಲ್ಲಿ ಕಳ್ಳಿ ಜಾತಿಯ ಗಿಡ ಸಾಕುವ ಹವ್ಯಾಸಿಗಳ ಕುಂಡಗಳಲ್ಲಿಯೂ ಇದು ಇದೆ. ಅಂದಮೇಲೆ ಕುಂಡದಲ್ಲಿ ಉಳಿಸುವ ಕೆಲಸ ಆಗಲೇ ನಡೆದಿದೆ, ನಮಗಿಂತ ಬಲ್ಲವರು ಮಾಡಿದ್ದಾರೆ. ಅದಕ್ಕೆ ನಮ್ಮ 40 ಎಣ್ಣೆಡಬ್ಬಿಗಳ ಅಗತ್ಯವಿಲ್ಲ.

ಉಳಿದ ಅರ್ಧ ಸತ್ಯ ಬೇರೆ. ಕಡ್ಡಿ ನೆಟ್ಟು ಬೆಳೆಸಿದ ಗಿಡ ತಾಯಿಗಿಡದ ಪಡಿಯಚ್ಚು. ಒಂದೇ ಗಿಡದ ನೂರು ಕಡ್ಡಿ ನೆಟ್ಟರೆ ನೂರು ಗಿಡ ಕಾಣುತ್ತವೆ. ಒಳಗೆ ಎಲ್ಲವೂ ಆ ಒಂದೇ. ಒಂದಕ್ಕೆ ಬರುವ ರೋಗ ಎಲ್ಲಕ್ಕೂ ಬಂದೀತು. ಬಂಡೆಯ ಮೇಲೆ ಹಾಗಲ್ಲ. ಅಲ್ಲಿ ನೊಣಗಳು ಒಂದು ಗಿಡದ ಹೂವಿನಿಂದ ಇನ್ನೊಂದು ಗಿಡದ ಹೂವಿಗೆ ಪರಾಗದ ಸಣ್ಣ ಗಂಟು ಹೊತ್ತುಕೊಂಡು ಹೋಗುತ್ತವೆ. ಹೌದು, ನೊಣಗಳೇ. ಹೋಟೆಲಿನಲ್ಲಿ ಮೇಜಿನ ಮೇಲೆ ಕೂತರೆ ನಾವು ಬಟ್ಟೆ ಬೀಸಿ ಓಡಿಸುವ ನೊಣದ ಜಾತಿ ಅಲ್ಲಿ ಮದುವೆಯ ದಲ್ಲಾಳಿ! ಆಗ ಬೀಜ ಕಟ್ಟುತ್ತದೆ. ಆ ಬೀಜ ಗಾಳಿಯಲ್ಲಿ ಹಾರಿ ಇನ್ನೊಂದು ಬಿರುಕಿನಲ್ಲಿ ಬಿದ್ದರೆ ಹೊಸ ಗಿಡ ಹುಟ್ಟುತ್ತದೆ. ತಂದೆ ತಾಯಿಯ ಹಾಗೂ ಇದ್ದು, ಅವರಿಗಿಂತ ಬೇರೆಯೂ ಆಗಿರುವ ಗಿಡ. ಒಂದು ಜಾತಿ ಮುಂದುವರಿಯುವುದು ಹೀಗೆ. ಇದಕ್ಕೆ ಬಂಡೆ ಬೇಕು, ಮಳೆ ಬೇಕು, ನೊಣ ಬೇಕು, ಹಾರಿ ಹೋಗುವಷ್ಟು ಹತ್ತಿರದಲ್ಲಿ ಇನ್ನೊಂದು ಗಿಡ ಬೇಕು. ಕಾಮೋಠೆಯ ಗ್ಯಾಲರಿಯಲ್ಲಿ ಇದರಲ್ಲಿ ಯಾವುದನ್ನು ಕೊಡುತ್ತೀರಿ?

ನಾವು ಊರು ಬಿಟ್ಟು ಬಂದು ಇಲ್ಲಿ ಬದುಕಿದವರು. ಆದ್ದರಿಂದ "ಗಿಡವೂ ನಮ್ಮ ಹಾಗೆ ಬದುಕಲಿ" ಎಂದು ಯಾರಾದರೂ ಹೇಳಬಹುದು. ನಾವು ಬದುಕಿದ್ದು ಒಬ್ಬಂಟಿಯಾಗಿ ಅಲ್ಲ. ಮೊದಲು ಬಂದವನು ತಮ್ಮನನ್ನು ಕರೆಸಿದ, ತಮ್ಮ ಭಾವನನ್ನು ಕರೆಸಿದ. ಸಂಘ ಕಟ್ಟಿದೆವು, ರಾತ್ರಿಶಾಲೆ ಕಂಡೆವು, ಯಕ್ಷಗಾನ ತರಿಸಿದೆವು. ಊರಿನ ಮನೆಯ ಬಾಗಿಲೂ ತೆರೆದಿತ್ತು. ಚೌತಿಗೋ ದೀಪಾವಳಿಗೋ ಹೋಗಿ ಬಂದೆವು. ಊರೇ ಇಲ್ಲವಾದವನ ಪಾಡು ಬೇರೆ. ಗಿಡಕ್ಕೆ ಆ ಪಾಡು ಬಾರದಿರಬೇಕಾದರೆ ಅದರ ಊರಿನಲ್ಲಿ ಅದರ ಸಂಸಾರ ಉಳಿಯಬೇಕು.

ಲೆಕ್ಕವನ್ನೂ ನೋಡೋಣ. ನಾವು 40 ಜನ. ತಲಾ ಒಂದು ಬುಡ ಕಿತ್ತರೆ 40. ನಮ್ಮ ಹಿಂದೆ ಬರುವ ಬಸ್ಸಿನವರು ನಮ್ಮನ್ನು ನೋಡಿ ಅದನ್ನೇ ಮಾಡುತ್ತಾರೆ. ಶಿವನೇರಿ ಸಾಮಾನ್ಯ ಜಾಗವಲ್ಲ, 1630ರಲ್ಲಿ ಶಿವಾಜಿ ಮಹಾರಾಜರು ಹುಟ್ಟಿದ ಕೋಟೆ. ವರುಷವಿಡೀ ಜನ ಬರುವ ಜಾಗ. ಎಷ್ಟು ಮಳೆಗಾಲದಲ್ಲಿ ಬಂಡೆ ಬರಿದಾದೀತು, ತಾವೇ ಎಣಿಸಿ. ನಾವು ಕೂಲಿಯ ಜನ, ಲೆಕ್ಕ ತಪ್ಪುವವರಲ್ಲ.

ಆದ್ದರಿಂದ ನಾನು ಹುಡುಗರ ಸೂಚನೆಗೆ ಬದಲಾಗಿ ಈ ಕೆಳಗಿನ ನಿಯಮಗಳನ್ನು ಸಭೆಯ ಮುಂದೆ ಇಡುತ್ತೇನೆ.

ಒಂದು, ಕೋಟೆಯಿಂದ ಯಾರೂ ಯಾವ ಗಿಡವನ್ನೂ, ಕಡ್ಡಿಯನ್ನೂ, ಹೂವನ್ನೂ, ಕಾಯನ್ನೂ ಕೀಳಬಾರದು. ಬಿದ್ದ ಕಡ್ಡಿಯಾದರೂ ಬಿದ್ದಲ್ಲೇ ಇರಲಿ, ಅದು ಅಲ್ಲಿಯೇ ಬೇರು ಬಿಟ್ಟೀತು.

ಎರಡು, ಬೀಡಿ ಸಿಗರೇಟು ಬಸ್ಸಿನಲ್ಲೇ ಬಿಟ್ಟು ಹತ್ತಬೇಕು. ಮಳೆಗಾಲದಲ್ಲಿ ಹುಲ್ಲು ಹಸಿಯಾಗಿರುತ್ತದೆ, ನಿಜ. ಅಭ್ಯಾಸ ಮಾತ್ರ ಬೇಸಗೆಗೂ ಮುಂದುವರಿಯುತ್ತದೆ.

ಮೂರು, ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಗಿಡ ಯಾವ ಬಾಗಿಲ ಹತ್ತಿರ, ಯಾವ ಬಂಡೆಯಲ್ಲಿ ಎಂಬುದನ್ನು ಫೋನಿನಲ್ಲಿ ಊರಿಗೆಲ್ಲ ಹಂಚಬೇಡಿ. ನಾನು ಕಂಡ ಜಾಗವನ್ನು ಇವತ್ತು ಈ ಸಭೆಯಲ್ಲಿಯೂ ಹೇಳಿಲ್ಲ ಎಂಬುದನ್ನು ತಾವು ಗಮನಿಸಿರಬಹುದು. ಬೇಕೆಂದೇ ಹೇಳಲಿಲ್ಲ.

ನಾಲ್ಕು, ಹೂವು ಹತ್ತಿರದಿಂದ ನೋಡುವ ಆಸೆಗೆ ಯಾರೂ ಬಂಡೆ ಹತ್ತಬಾರದು. ಮಳೆಗಾಲದ ಆ ಕಲ್ಲು ಹಾವಸೆ ಹಿಡಿದು ಜಾರುತ್ತದೆ. ಕರೆದುಕೊಂಡು ಹೋದ 40 ಜನರನ್ನು 40 ಜನರಾಗಿಯೇ ತಿರುಗಿ ತರಬೇಕು.

ಐದು, ತಿಂಡಿಯ ಕಾಗದ, ಪ್ಲಾಸ್ಟಿಕ್ ಬಾಟ್ಲಿ ಎಲ್ಲವನ್ನೂ ಗೋಣಿಯಲ್ಲಿ ತುಂಬಿ ಬಸ್ಸಿಗೆ ತರಬೇಕು. ಮೇಜು ಒರೆಸಿ ಬದುಕುವ ಜನ ನಾವು. ಇನ್ನೊಬ್ಬರ ಅಂಗಳದಲ್ಲಿ ಎಂಜಲು ಬಿಟ್ಟು ಬಂದರೆ ನಮಗೆ ಶೋಭೆಯಲ್ಲ.

ಆ ನಿವೃತ್ತ ಅಧ್ಯಾಪಕರನ್ನು ನಮ್ಮ ಜತೆ ಬರಲು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ದಾರಿಯಲ್ಲಿ ಅವರು ಮರಾಠಿಯಲ್ಲಿ ಹೇಳುವುದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. ತಪ್ಪಿದರೆ ತಿದ್ದಲು ಮರಾಠಿ ಬಲ್ಲವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕಲ್ಯಾಣ, ಮುರಬಾಡ, ಮಾಳಶೇಜ್ ಘಾಟಿನ ಮೇಲೆ ಹೋಗೋಣ. ಘಾಟಿನ ಜಲಪಾತಗಳನ್ನೂ ಮಕ್ಕಳು ನೋಡಲಿ.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಮ್ಮಲ್ಲಿದೆ. ಮನೆಯ ಹತ್ತಿರ ಇರುವುದರ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಗಿಡ ನಮ್ಮಿಂದ ಬಸ್ಸಿನಲ್ಲಿ ಕೆಲವು ಗಂಟೆಯ ದಾರಿಯಲ್ಲಿದೆ. ಅನ್ನ ಕೊಟ್ಟ ನಾಡಿನ ಗಿಡ. ಇದನ್ನು ಮರಾಠಿಗರ ಗಿಡ, ನಮಗೇನು ಎಂದು ನಾವು ಹೇಳಬಾರದು. ಇಲ್ಲಿಯ ನೀರು ಕುಡಿದ ಮೇಲೆ ಇಲ್ಲಿಯ ಬಂಡೆಯ ಋಣವೂ ಸ್ವಲ್ಪ ನಮ್ಮ ಮೇಲೆ ಇದೆ.

ನನ್ನ ಗ್ಯಾಲರಿಯಲ್ಲಿ ಆ ಎಣ್ಣೆಡಬ್ಬಿ ಈಗಲೂ ಇದೆ. ಹೆಂಡತಿ ಎಷ್ಟೋ ಸಲ ಅದರಲ್ಲಿ ಕೊತ್ತಂಬರಿ ಬಿತ್ತುತ್ತೇನೆ ಎಂದಳು. ನಾನು ಬೇಡವೆಂದೆ. ನನ್ನ ತಪ್ಪಿನ ನೆನಪಿಗೆ ಖಾಲಿ ಇಟ್ಟುಕೊಂಡಿದ್ದೆ. ಈ ಸಭೆ ನನ್ನ ಮಾತನ್ನು ಒಪ್ಪಿದರೆ, 40 ಜನ ಹೋಗಿ 40 ಜನ ಬರಿಗೈಯಲ್ಲಿ ತಿರುಗಿ ಬಂದರೆ, ಮಾರನೆಯ ದಿನವೇ ಅದರಲ್ಲಿ ಕೊತ್ತಂಬರಿ ಬಿತ್ತಲು ಹೇಳುತ್ತೇನೆ.

 ತಪ್ಪಿದ್ದರೆ ಹಿರಿಯರು ತಿದ್ದಬೇಕು. ಹುಡುಗರು ನನ್ನ ಮೇಲೆ ಸಿಟ್ಟಾಗಬಾರದು. ನಿಯಮಗಳನ್ನು ಮತಕ್ಕೆ ಹಾಕಬೇಕೆಂದು ಅಧ್ಯಕ್ಷರಲ್ಲಿ ಅರಿಕೆ ಮಾಡಿಕೊಂಡು ನನ್ನ ಮಾತು ಮುಗಿಸುತ್ತೇನೆ.